ಚೆಸ್ಟ್‌ನಟ್ ಮರಕ್ಕೆ ಗಂಡು ಹುಡುಕಿದ್ದು

ಪರ್ತ್: ಚಪ್ಪಲಿಗೆ ಅಭ್ಯಂಜನ

ಪರ್ತ್ ವಿಮಾನ ನಿಲ್ದಾಣದಲ್ಲಿ ನನ್ನನ್ನು ಎದುರುಗೊಂಡದ್ದು ನನ್ನ ತಮ್ಮನಲ್ಲ, ಒಂದು ನಾಯಿ. ಸಾಲಿನಲ್ಲಿದ್ದವರ ಚೀಲಗಳನ್ನೆಲ್ಲ ಮೂಸುತ್ತಾ ಬಂದು ನನ್ನ ಕೈಚೀಲದ ಮುಂದೆ ಪೂಜೆಗೆ ಕೂತ ಹಾಗೆ ಕೂತುಬಿಟ್ಟಿತು. ಚೀಲದಲ್ಲಿದ್ದದ್ದು ಕರಿಬೇವಿನ ಬೀಜ. ಮೈಸೂರಿನ ಬೋಗಾದಿ ರಸ್ತೆಯಲ್ಲಿ ನರ್ಸರಿ ನಡೆಸುವವಳು ನಾನು. ಯಾರ ಮನೆಗೂ ಬರಿಗೈಯಲ್ಲಿ ಹೋಗಿ ಅಭ್ಯಾಸವಿಲ್ಲ. ಬೀಜ ಇದೆ ಎಂದು ಮೊದಲೇ ಹೇಳಿಕೊಂಡಿದ್ದರಿಂದ ದಂಡ ಬೀಳಲಿಲ್ಲ, ಬೀಜ ಮಾತ್ರ ಕಸದ ಡಬ್ಬಿಗೆ ಬಿತ್ತು. ಹೊರಗೆ ಬರುವ ಹೊತ್ತಿಗೆ ನನಗೆ ಆ ನಾಯಿಯ ಮೇಲೆ ಗೌರವವೇ ಬಂದಿತ್ತು. ನಮ್ಮ ನರ್ಸರಿಗೆ ಅಂಥದ್ದೊಂದು ಇದ್ದರೆ ಗುಲಾಬಿ ಕಡ್ಡಿ ಮುರಿದುಕೊಂಡು ಹೋಗುವ ಗಿರಾಕಿಗಳನ್ನು ಹಿಡಿಯಬಹುದಿತ್ತು.

ಅದು 2015ರ ನವೆಂಬರ್ ಕೊನೆ. ನಾನು ಹೊರಟದ್ದು ಬ್ರಿಸ್ಬೇನ್‌ನಲ್ಲಿರುವ ಮಗಳು ನಂದಿನಿಯ ಬಾಣಂತನಕ್ಕೆ. ಹೆರಿಗೆಗೆ ಇನ್ನೂ ದಿನವಿದ್ದುದರಿಂದ ಪರ್ತ್‌ನಲ್ಲಿರುವ ತಮ್ಮ ಶ್ರೀಧರನನ್ನೂ ಅಡಿಲೇಡ್‌ನಲ್ಲಿರುವ ತಂಗಿ ವಸುಧಾಳನ್ನೂ ನೋಡಿಕೊಂಡು ಹೋಗೋಣ ಎಂದು ಲೆಕ್ಕ ಹಾಕಿದ್ದೆ. ನಕ್ಷೆಯಲ್ಲಿ ಮೂರೂ ಒಂದೇ ದೇಶದಲ್ಲಿವೆಯಲ್ಲ, ಮದ್ದೂರು, ಮಂಡ್ಯ, ಮೈಸೂರಿನ ಹಾಗೆ ಒಂದರ ಪಕ್ಕ ಒಂದು ಇರುತ್ತವೆ ಎಂದುಕೊಂಡಿದ್ದೆ. ಅಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ವಿಮಾನದಲ್ಲಿ ಹೋಗುತ್ತಾ ಊಟ ಮಾಡಿ, ನಿದ್ದೆ ಮಾಡಿ, ಎದ್ದರೂ ಊರು ಬಂದಿರುವುದಿಲ್ಲ.

ಶ್ರೀಧರ ಭೂವಿಜ್ಞಾನಿ. ಗಣಿಯಲ್ಲಿ ಎರಡು ವಾರ ಕೆಲಸ, ಆಮೇಲೆ ಒಂದು ವಾರ ಮನೆಯಲ್ಲಿ ನಿದ್ದೆ. ನಾನು ಹೋದದ್ದು ಅವನ ನಿದ್ದೆಯ ವಾರ. ಮಾರನೇ ಬೆಳಿಗ್ಗೆಯೇ ಅಡಿಲೇಡ್‌ನಿಂದ ವಸುಧಾಳ ಫೋನು.

"ಅಕ್ಕ, ನೀನು ಬೇಗ ಬಾ. ನಮ್ಮ ಹಿತ್ತಲಲ್ಲಿ ದೊಡ್ಡ ಚೆಸ್ಟ್‌ನಟ್ ಮರ ಇದೆ ಅಂದಿದ್ನಲ್ಲ, ಅದನ್ನ ಕಡಿಸ್ತೀನಿ ಅಂತ ಕೂತಿದಾರೆ ಇವರು. ವರ್ಷಾವರ್ಷ ಕಾಯಿ ಬಿಡುತ್ತೆ, ಒಡೆದ್ರೆ ಒಳಗೇನೂ ಇರಲ್ಲ. ಬರೀ ಮುಳ್ಳು. ನಂಗೆ ಆ ಮರ ಬೇಕು ಅಕ್ಕ. ಈ ದೇಶದಲ್ಲಿ ಕೆಳಗೆ ಕೂತು ಹರಟೆ ಹೊಡೆಯೋಕೆ ಸಿಕ್ಕಿರೋ ಮರ ಅದೊಂದೇ."

ಚೆಸ್ಟ್‌ನಟ್ ಮರವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಅಷ್ಟು ಸುಲಭಕ್ಕೆ ಬರುವುದಿಲ್ಲ. "ನಾನು ಬರೋವರೆಗೆ ಯಾರೂ ಅದನ್ನ ಮುಟ್ಟಕೂಡದು ಅಂತ ಹೇಳು" ಎಂದು ಫೋನಿಟ್ಟು ಶ್ರೀಧರನ ಹೊದಿಕೆ ಎಳೆದೆ.

"ಏಳೋ, ಚೆಸ್ಟ್‌ನಟ್ ಮರ ತೋರ್ಸು."

"ಅಕ್ಕ, ಇಲ್ಲಿಗೆ ಬಂದೋರೆಲ್ಲ ಕಾಂಗರೂ ತೋರ್ಸು ಅಂತಾರೆ."

"ಕಾಂಗರೂಗೆ ಕಸಿ ಕಟ್ಟೋಕಾಗುತ್ತೇನೋ?"

ದಕ್ಷಿಣಕ್ಕೆ ಗಂಟೆಗಟ್ಟಲೆ ಕಾರು ಓಡಿತು. ಪೆಟ್ರೋಲ್ ಬಂಕಿಗೆ ಅವನು "ಸರ್ವೋ" ಅನ್ನುವುದನ್ನು ಕಲಿತುಬಿಟ್ಟಿದ್ದಾನೆ. ಅಲ್ಲೊಂದು ಬಕೆಟ್‌ನಷ್ಟು ಕಾಫಿ ಕುಡಿಸಿ, ಕೊನೆಗೆ ಎತ್ತರದ ಕಾಡಿನ ನಡುವಿನ ಒಂದು ತೋಟದ ಗೇಟಿನಲ್ಲಿ ನಿಲ್ಲಿಸಿದ. ತೋಟದೊಡತಿ ಜೂಡಿ, ನನ್ನ ವಯಸ್ಸಿನ ಹೆಂಗಸು, ನಮಸ್ಕಾರಕ್ಕೆ ಮೊದಲು ನನ್ನ ಕಾಲು ನೋಡಿದಳು. ಆಮೇಲೆ ಒಂದು ಬ್ರಶ್ಶು ಕೊಟ್ಟು, ಔಷಧಿ ನೀರು ತುಂಬಿದ ತಟ್ಟೆ ತೋರಿಸಿದಳು. ಚಪ್ಪಲಿಯ ಅಡಿಯ ಮಣ್ಣು ಉಜ್ಜಿ ತೊಳೆದು ಒಳಗೆ ಬರಬೇಕು. ಬೇರು ಕೊಳೆಸುವ ರೋಗ ಮಣ್ಣಿನ ಜೊತೆಯಲ್ಲೇ ಊರೂರು ತಿರುಗುತ್ತದಂತೆ, ಕಾಡಿನ ಮರಗಳನ್ನೂ ಬಿಡುವುದಿಲ್ಲವಂತೆ. ನಮ್ಮಲ್ಲಿ ದೇವಸ್ಥಾನಕ್ಕೆ ಹೋಗುವಾಗ ಚಪ್ಪಲಿ ಹೊರಗೆ ಬಿಡುತ್ತೇವೆ. ಇಲ್ಲಿ ಚಪ್ಪಲಿಗೇ ಅಭ್ಯಂಜನ ಮಾಡಿಸಿ ಒಳಗೆ ಕರೆದೊಯ್ಯುತ್ತಾರೆ. ನನ್ನ ಹವಾಯಿ ಚಪ್ಪಲಿ ಕೊಂಡ ದಿನವೂ ಅಷ್ಟು ಶುಭ್ರವಾಗಿರಲಿಲ್ಲ.

ಒಳಗೆ ಕಾಲಿಟ್ಟ ಮೇಲೆ ನನಗೆ ಸಂಭ್ರಮ ತಡೆಯಲಾಗಲಿಲ್ಲ. ಇಳಿಜಾರಿನುದ್ದಕ್ಕೂ ಗರಗಸದ ಅಂಚಿನ ಉದ್ದುದ್ದ ಎಲೆಗಳ ದೊಡ್ಡ ಮರಗಳು. ಅವುಗಳ ತುದಿಯಲ್ಲಿ ಬೆಕ್ಕಿನ ಬಾಲದಂಥ ಹೂಗೊಂಚಲು ಆಗತಾನೇ ಇಳಿಬೀಳುತ್ತಿತ್ತು. ಒಂದೊಂದನ್ನೂ ಮುಟ್ಟಿ, ಮೂಸಿ, ಪ್ರಶ್ನೆ ಕೇಳಿ ಜೂಡಿಯ ತಲೆ ತಿಂದೆ. ನನ್ನದು ನರ್ಸರಿ ಇಂಗ್ಲಿಷು, ಗಿಡದ ವಿಷಯಕ್ಕಾದರೆ ಎಲ್ಲಿಯೂ ಸಲ್ಲುತ್ತದೆ. ಈ ಮರಕ್ಕೆ ಹುಳಿ ಮಣ್ಣು ಬೇಕು, ಸುಣ್ಣ ಆಗದು. ಬೇಸಿಗೆಯಲ್ಲಿ ನೀರು ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಲೇಕೂಡದು. ಉದುರಿದ ಎಲೆ ಹೊದಿಸಬೇಕು, ಕಾಂಡಕ್ಕೆ ತಾಗಿಸಬಾರದು. ಹೀಗೆ ಹೇಳುತ್ತಾ ಹೋದವಳು, ಎರಡು ಬೇರೆ ತಳಿಗಳನ್ನು ಸಾಲು ಬಿಟ್ಟು ಸಾಲು ನೆಟ್ಟಿರುವುದನ್ನು ತೋರಿಸಿದಳು.

ಯಾಕೆ ಅಂದೆ. ಒಂದೇ ಮರದಲ್ಲಿ ಗಂಡು ಹೂವೂ ಇದೆ, ಹೆಣ್ಣು ಹೂವೂ ಇದೆ; ಆದರೆ ತನ್ನ ಪರಾಗ ತನಗಾಗುವುದಿಲ್ಲ, ಬೇರೆ ತಳಿಯದೇ ಬೇಕು, ಇಲ್ಲದಿದ್ದರೆ ಮುಳ್ಳಿನ ಕಾಯಿ ಕಟ್ಟುತ್ತದೆ, ಒಳಗಿನ ಬೀಜ ಮಾತ್ರ ಕಾಗದದ ಹಾಗೆ ಜೊಳ್ಳು ಅಂದಳು.

"ಅಯ್ಯೋ ಶ್ರೀಧರ, ಇದು ಸಗೋತ್ರ ಕಣೋ! ವಸುಧಾ ಮನೆ ಮರಕ್ಕೆ ಬೇರೆ ಗೋತ್ರದ ಗಂಡು ಬೇಕು, ಅಷ್ಟೇ!" ಎಂದು ತೋಟದ ಮಧ್ಯೆ ಚಪ್ಪಾಳೆ ತಟ್ಟಿದೆ. ಅವನು ಅದನ್ನು ಜೂಡಿಗೆ ಏನೆಂದು ತಿಳಿಸಿದನೋ, ಅವಳು ಸೊಂಟ ಹಿಡಿದುಕೊಂಡು ನಕ್ಕಳು. ಒಂದು ಹೂಕೊಂಬೆ ಕೊಡುತ್ತೀಯಾ ಎಂದು ಕೇಳಿಯೂ ಬಿಟ್ಟೆ. ಈ ದೇಶದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೂ ಕೊಂಬೆ ರೆಂಬೆ ಒಯ್ಯುವ ಹಾಗಿಲ್ಲವಂತೆ. ನಾಯಿಯ ನೆನಪಾಗಿ ಸುಮ್ಮನಾದೆ.

ಅಡಿಲೇಡ್: ಪಾತಿ ಒಡೆದ ದಿನ

ವಸುಧಾ ಮತ್ತು ಅವಳ ಗಂಡ ಮೋಹನ್ ಮೊದಲು ಊರೊಳಗಿನ ಬ್ಲೇರ್ ಅಥಾಲ್ ಬಡಾವಣೆಯಲ್ಲಿದ್ದರು. ಅಲ್ಲಿ ಸೋನಾ ಮಸೂರಿಯೂ ಸಿಗುತ್ತದೆ, ಕನ್ನಡ ಮಾತೂ ಸಿಗುತ್ತದೆ. ಎರಡು ವರ್ಷದ ಹಿಂದೆ ಊರಾಚೆಯ ಗುಡ್ಡದ ಮೇಲೆ, ತಂಪು ಗಾಳಿಗೆ ಆಸೆಪಟ್ಟು ಮನೆ ಕೊಂಡರು. ಮರ ಆ ಮನೆಯ ಜೊತೆ ಬಂದದ್ದು.

ಕಾರಿಳಿದವಳೇ ಹಿತ್ತಲಿಗೆ ಓಡಿದೆ. ಎಂಥ ಮರ! ಇಬ್ಬರು ಕೈ ಹಿಡಿದರೂ ತಬ್ಬಲಾಗದ ಬುಡ. ಆದರೆ ಆ ಬುಡದ ಸುತ್ತ ನೋಡಿ ಅಲ್ಲೇ ನಿಂತೆ. ಚೆನ್ನಾಗಿ ಮಣ್ಣು ಏರಿಸಿ ಕಟ್ಟಿದ ದುಂಡನೆಯ ಪಾತಿ, ಅದರ ತುಂಬ ನೀರು.

"ಹೆಂಗಿದೆ ಅಕ್ಕ? ತೆಂಗಿನ ಮರಕ್ಕೆ ಅಮ್ಮ ಕಟ್ತಿದ್ಲಲ್ಲ, ಹಾಗೇ ಕಟ್ಟಿದೀನಿ. ದಿನಾ ಸಾಯಂಕಾಲ ತುಂಬಿಸ್ತೀನಿ. ಎರಡು ಹಿಡಿ ಕಲ್ಲುಪ್ಪು ಬೇರೆ ಹಾಕಿದೀನಿ" ಎಂದು ವಸುಧಾ ಹೆಮ್ಮೆಯಿಂದ ನಿಂತಿದ್ದಳು.

ತೆಂಗಿಗೆ ಅದು ಅಮೃತ, ಇದಕ್ಕೆ ವಿಷ. ಒಂದು ಪಕ್ಕದ ಎಲೆ ಆಗಲೇ ಹಳದಿಗೆ ತಿರುಗಿತ್ತು. ಸೆರಗು ಸಿಕ್ಕಿಸಿ, ಗುದ್ದಲಿ ಹಿಡಿದು, ಇಳಿಜಾರಿನ ಕಡೆ ಪಾತಿ ಒಡೆದು ನೀರು ಹರಿಸಿದೆ. ನೀರು ಮೋಹನ್ ಅವರ ಹೊಸ ಬೂಟಿನ ಮೇಲೆ ಹೋಯಿತು.

"ಅಕ್ಕ, ನೀವು ಬಂದು ಇನ್ನೂ ಬ್ಯಾಗೇ ಒಳಗೆ ಇಟ್ಟಿಲ್ಲ" ಅಂದರು ಮೋಹನ್.

ಮೋಹನ್ ಕೆಟ್ಟವರಲ್ಲ. ಒಂದು ದೋಣಿ ಕೊಂಡುಬಿಟ್ಟಿದ್ದರು, ಅದು ಬೀದಿಯಲ್ಲಿ ನಿಂತಿತ್ತು. ಮರ ಹೋದರೆ ದೋಣಿಗೆ ಜಾಗ. ಅಲ್ಲದೆ ಹೋದ ವರ್ಷ ಬರಿಗಾಲಲ್ಲಿ ಬಟ್ಟೆ ಒಣಹಾಕಲು ಹೋಗಿ ಮುಳ್ಳುಕಾಯಿ ತುಳಿದು ಒಂದು ವಾರ ಕುಂಟಿದ್ದರಂತೆ. "ನಾನೂ ಮನುಷ್ಯನೇ ಅಕ್ಕ. ಏಪ್ರಿಲ್ ಕೊನೇಲಿ ಮರ ಕಡಿಯೋನು ಬರ್ತಾನೆ. ಅಷ್ಟರಲ್ಲಿ ಒಳಗೆ ತಿನ್ನೋಂಥ ಬೀಜ ಇರೋ ಒಂದೇ ಒಂದು ಕಾಯಿ ತೋರಿಸಿ, ಅವನಿಗೆ ಬರಬೇಡ ಅಂತೀನಿ. ಇಲ್ಲಾಂದ್ರೆ ನೀವು ಏನೂ ಅನ್ನಬಾರದು" ಅಂದರು. ನಾನು ಒಪ್ಪಿಕೊಂಡೆ. ಮರ ಅಷ್ಟೆತ್ತರ ನಿಂತು ನನ್ನನ್ನೇ ನೋಡುತ್ತಿರುವ ಹಾಗೆ ಅನಿಸಿತು.

ಬೇಲಿಯಾಚೆಯಿಂದ ಇನ್ನೊಂದು ಜೊತೆ ಕಣ್ಣುಗಳು ನೋಡುತ್ತಿದ್ದವು. ಪಕ್ಕದ ಮನೆಯ ರೋಸಾ, ಎಂಬತ್ತು ದಾಟಿದ ಇಟಲಿಯ ಅಜ್ಜಿ. ನಾನು ಮೊದಲ ದಿನವೇ ರೋಸಮ್ಮ ಎಂದು ಕರೆದೆ, ಅವರೂ ಓಗೊಟ್ಟರು. ಅವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ, ಉಳಿದದ್ದನ್ನೆಲ್ಲ ಇಬ್ಬರೂ ಕೈಯಲ್ಲಿ ಹೇಳುತ್ತಿದ್ದೆವು. ಮೊದಲು ಎರಡೂ ಮನೆಯ ಜಾಗ ಒಂದೇ ಆಗಿತ್ತು, ಅವರದೇ ಆಗಿತ್ತು. ಅವರ ಗಂಡ ಮದುವೆಯಾದ ಹೊಸದರಲ್ಲಿ ಎರಡು ಚೆಸ್ಟ್‌ನಟ್ ನೆಟ್ಟಿದ್ದರು. ಗಂಡ ಹೋದ ಮೇಲೆ ಅರ್ಧ ಜಾಗ ಮಾರಿದರು, ಕೊಂಡವನು ಗ್ಯಾರೇಜಿಗೆಂದು ಒಂದು ಮರ ಉರುಳಿಸಿದ. ಅಂದಿನಿಂದ ಇದು ಜೊಳ್ಳು. ಇಷ್ಟನ್ನು ಹೇಳಿ ರೋಸಮ್ಮ ಎರಡು ಬೆರಳು ತೋರಿಸಿದರು, ಒಂದನ್ನು ಮಡಚಿದರು, ಭುಜ ಕುಣಿಸಿದರು.

ಹಾಗಾದರೆ ನಾವು ಮಾಡಬೇಕಾದ್ದು ವಿಧವಾ ವಿವಾಹ ಅಂದೆ ವಸುಧಾಗೆ.

ಅಡಿಲೇಡ್: ಒಂದು ಸಂಬಂಧ ಮುರಿದು ಇನ್ನೊಂದು ಕೂಡಿದ್ದು

ಮರ ಆಗಲೇ ಹೂವಿಗೆ ಬಂದಿತ್ತು. ಹೆಣ್ಣು ಹೂವು ಹಾದಿ ನೋಡುವುದು ಕೆಲವೇ ದಿನ. ಇಳಿಜಾರಿನ ಕೆಳಗಿನ ಮನೆಯಲ್ಲಿ ಒಂದು ಚೆಸ್ಟ್‌ನಟ್ ಇದೆಯೆಂದು ಗೊತ್ತಾಯಿತು. ನಾನೂ ವಸುಧಾಳೂ ಹೋಗಿ ಬಾಗಿಲು ತಟ್ಟಿ ಕೇಳಿದೆವು. ಆ ಮನೆಯಾತ ಒಂದು ಮಾತೂ ಆಡದೆ ಕತ್ತರಿ ತಂದು ಕೊಟ್ಟ. ಹೂಬಿಟ್ಟ ನಾಲ್ಕು ಕೊಂಬೆ ನೀರಿನ ಬಕೆಟ್‌ನಲ್ಲಿಟ್ಟುಕೊಂಡು ದಿಬ್ಬಣದ ಹಾಗೆ ನಡೆದು ಬಂದೆವು. ಇಷ್ಟು ಸಲೀಸಾಗಿ ಯಾರ ಮನೆಯ ಸಂಬಂಧವೂ ಕೂಡಿದ್ದನ್ನು ನಾನು ಕಂಡಿರಲಿಲ್ಲ.

ರೋಸಮ್ಮ ಬೇಲಿಯ ಮೇಲಿಂದ ಕೈ ಚಾಚಿ ಬಕೆಟ್‌ನಿಂದ ಒಂದು ಎಲೆ ಕಿತ್ತರು. ನಮ್ಮ ಮರದ ಒಂದೆಲೆ ಕೀಳಿಸಿಕೊಂಡು ಎರಡನ್ನೂ ಪಕ್ಕಪಕ್ಕ ಹಿಡಿದರು.

"ಎಲ್ಲಿಂದ?" ಅಂದರು. ವಸುಧಾ ಕೆಳಗಿನ ಮನೆ ತೋರಿಸಿದಳು.

"ನೋ ಗುಡ್! ಸೇಮ್, ಸೇಮ್!" ಎಂದು ನಗಲು ಶುರು ಮಾಡಿದರು. ಕೆಳಗಿನ ಮನೆಯ ಮರ ಇದೇ ಮರದ ಕಸಿಯಂತೆ! ಅವರ ಗಂಡನೇ ಕಡ್ಡಿ ಕೊಯ್ದು, ಕಸಿ ಕಟ್ಟಿ, ಸ್ನೇಹಿತನಿಗೆ ಕೊಟ್ಟದ್ದಂತೆ. ಊರಿಗೆಲ್ಲ ಗೋತ್ರದ ಪಾಠ ಹೇಳಿದ ನಾನು ಸಗೋತ್ರದ ಗಂಡನ್ನೇ ಬಕೆಟ್‌ನಲ್ಲಿ ಕೂರಿಸಿ ಕರೆತಂದಿದ್ದೆ. ಜೀವಮಾನವಿಡೀ ಮಲ್ಲಿಕಾ, ಬಾದಾಮಿ ಎಂದು ಮಾವಿನ ತಳಿ ಕೇಳಿ ಕೇಳಿ ಕಸಿ ಕಟ್ಟಿದವಳು ಇಲ್ಲಿ ಕೇಳದೆ ಹೋದೆನಲ್ಲ! ವಸುಧಾ ಸೊರಗಿದಳು. ನನಗೆ ಮಾತ್ರ ಹುರುಪು ಇನ್ನೂ ಏರಿತು.

ಮರುದಿನ ಮೋಹನ್ ಅವರ ಹೊಸ ಕಾರಿನಲ್ಲಿ ಗುಡ್ಡದ ದಾರಿಯನ್ನೆಲ್ಲ ಜಾಲಾಡಿದೆವು. ದೂರದ ಒಂದು ತೋಟದಲ್ಲಿ ಬೇರೆ ತಳಿ ಇತ್ತು. ಈ ಸಲ ನಾನು ಎಲೆ ನೋಡಿದೆ, ಹೆಸರು ಕೇಳಿದೆ, ತಾಯಿಮರ ಎಲ್ಲಿಯದೆಂದು ಕೇಳಿದೆ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ. ಮದುವೆಗೆಂದು ವಸುಧಾ ವಿವರಿಸಿದಾಗ ತೋಟದವನು ಮುಖವೆಲ್ಲ ಅರಳಿಸಿಕೊಂಡು ಎರಡು ಬಕೆಟ್ ತುಂಬ ಕೊಂಬೆ ಕೊಟ್ಟ. ಆ ಹೂವಿಗೆ ಹಳಸಿದ ದೋಸೆ ಹಿಟ್ಟಿನಂಥ ಒಂದು ವಾಸನೆ. ಮನೆ ಸೇರುವ ಹೊತ್ತಿಗೆ ಅದು ಕಾರಿನ ಸೀಟಿಗೆಲ್ಲ ಹತ್ತಿತ್ತು. ಮೋಹನ್ ಕಾರಿನ ನಾಲ್ಕೂ ಬಾಗಿಲು ತೆಗೆದಿಟ್ಟು ಸೀಟುಗಳನ್ನು ಒಂದೊಂದಾಗಿ ಮೂಸಿ ನೋಡಿದರು.

ಭಾನುವಾರ ಮದುವೆ. ಬ್ಲೇರ್ ಅಥಾಲ್‌ನಿಂದ ವಸುಧಾಳ ಗೆಳತಿಯರು ಪುಳಿಯೋಗರೆ, ಕೋಸಂಬರಿ ಹೊತ್ತು ಬಂದರು. ಅವರಲ್ಲೊಬ್ಬಳ ಪುಟ್ಟ ಮಗಳು "ಮಮ್, ಈಸ್ ದ ಟ್ರೀ ಆಕ್ಚುಲಿ ಗೆಟಿಂಗ್ ಮ್ಯಾರೀಡ್?" ಅಂದಳು. "ಹೂಂ ಪುಟ್ಟ, ನಮ್ಮೂರಲ್ಲಿ ಅರಳಿ ಮರಕ್ಕೂ ಬೇವಿನ ಮರಕ್ಕೂ ಮಾಡಲ್ವಾ" ಅಂದಳು ಅವಳಮ್ಮ. ಮಗು ಇನ್ನಷ್ಟು ಕಣ್ಣರಳಿಸಿತು.

ಬಕೆಟ್‌ಗಳನ್ನು ಗಾಳಿ ಬೀಸುವ ದಿಕ್ಕಿನ, ಬೇಲಿ ಕಡೆಯ ದಪ್ಪ ಕೊಂಬೆಗೆ ತೂಗುಹಾಕಿದೆವು. ಅರಿಶಿನದ ದಾರ ಸಿದ್ಧವಾಯಿತು. ನಾನು ರೂಢಿಯಂತೆ ಹಿಂದೆ ಸರಿದು ನಿಂತೆ. ಗಂಡ ಹೋದ ಒಂಬತ್ತು ವರ್ಷದಲ್ಲಿ ಯಾವ ಮದುವೆಯಲ್ಲೂ ನಾನು ಮುಂದೆ ನಿಂತಿಲ್ಲ, ನಿಲ್ಲು ಎಂದು ಯಾರೂ ಕರೆದೂ ಇಲ್ಲ. ವಸುಧಾ ದಾರ ತಂದು ನನ್ನ ಕೈಯಲ್ಲೇ ಇಟ್ಟಳು.

"ಗಂಡು ಹುಡುಕಿದೋಳು ನೀನು. ನೀನೇ ಕಟ್ಟಬೇಕು."

"ಏನೇ ಇದು, ನಾನು..."

"ಕಟ್ಟು ಅಕ್ಕ."

ದಾರದ ಇನ್ನೊಂದು ತುದಿ ಯಾರಾದರೂ ಹಿಡಿಯಬೇಕಿತ್ತು. ಬೇಲಿ ಸುತ್ತಿ ಬಂದ ರೋಸಮ್ಮ ಹಿಡಿದರು. ಗಂಡನಿಲ್ಲದ ಇಬ್ಬರು ಹೆಂಗಸರು ಸೇರಿ ಆ ಮರಕ್ಕೆ ದಾರ ಸುತ್ತಿದೆವು. ನನಗೆ ಕಣ್ಣು ತುಂಬಿತು, ಖುಷಿಯಾಯಿತು, ಮುಚ್ಚಿಟ್ಟುಕೊಳ್ಳುವುದೇನಿದೆ. ಆಮೇಲೆ ಏಣಿ ಹಾಕಿ ಹತ್ತಿದೆ. ನಮ್ಮ ಕಡೆ ವೆನಿಲ್ಲಾ ಹುಚ್ಚು ಹಿಡಿದಿದ್ದ ಕಾಲದಲ್ಲಿ ಹೂವಿಗೊಂದರಂತೆ ಕೈಯಾರೆ ಪರಾಗ ಮುಟ್ಟಿಸಿದ ಬೆರಳುಗಳಿವು. ಗಂಡು ಗೊಂಚಲನ್ನು ಒಂದೊಂದು ಹೆಣ್ಣು ಹೂವಿಗೂ ಸವರುತ್ತಾ ಹೋದೆ. ಕೆಳಗೆ ಏಣಿ ಹಿಡಿದಿದ್ದ ಮೋಹನ್ ತಲೆಯ ಮೇಲೆಲ್ಲ ಹಳದಿ ಪುಡಿ ಬಿದ್ದು ಅವರೇ ಮದುಮಗನಂತೆ ಕಾಣುತ್ತಿದ್ದರು.

ಬ್ರಿಸ್ಬೇನ್: ಒಲೆಯಲ್ಲಿ ಪಟಾಕಿ

ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಎಂಬ ಬಡಾವಣೆಯಲ್ಲಿದ್ದ ನಂದಿನಿಗೆ ಹೆಣ್ಣು ಮಗುವಾಯಿತು. ಎಣ್ಣೆ ನೀರು, ಕಾಯದ ಲೇಹ್ಯ, ಮೆಣಸಿನ ಸಾರು ಎಂದು ನನ್ನ ದಿನಗಳು ಓಡಿದವು. ಅಲ್ಲಿಯ ಸೆಕೆ ನಮ್ಮ ಮಂಗಳೂರಿನ ಸೆಕೆಗೆ ಅಕ್ಕ. ಮಾವು, ಬಾಳೆ ಬೀದಿಯಲ್ಲೇ ಬೆಳೆಯುತ್ತವೆ, ಚೆಸ್ಟ್‌ನಟ್ ಮಾತ್ರ ಇಲ್ಲ; ಅದಕ್ಕೆ ಚಳಿ ಬೇಕು. ಸಾಯಂಕಾಲ ನಂದಿನಿಯ ಗಂಡ ರೈಲಿನಿಂದಿಳಿದು ಸುಸ್ತಾಗಿ ಬಂದರೆ, ನಾನು ಫೋನಿನಲ್ಲಿ ಮುಖ ಹುದುಗಿಸಿ ಅಡಿಲೇಡ್‌ನ ಮರ ನೋಡುತ್ತಿದ್ದೆ. ವಸುಧಾ ಫೋನನ್ನು ಕೋಲಿಗೆ ಕಟ್ಟಿ ಎತ್ತಿ ತೋರಿಸುತ್ತಿದ್ದಳು. ಹಸಿರು ಮುಳ್ಳುಂಡೆಗಳು ದಪ್ಪವಾಗುತ್ತಿದ್ದವು. ಆದರೆ ಒಳಗಿರುವುದು ತಿರುಳೋ ಜೊಳ್ಳೋ ಹೊರಗಿನಿಂದ ಹೇಳುವುದು ಹೇಗೆ?

ಮಾರ್ಚ್ ಕೊನೆಗೆ ಅಂಗಡಿಯಲ್ಲಿ ಚೆಸ್ಟ್‌ನಟ್ ಕಂಡು ಒಂದು ಚೀಲ ತಂದೆ. ಅಷ್ಟು ದಿನ ಹಂಬಲಿಸಿದ್ದರ ರುಚಿ ನೋಡಬೇಡವೇ? ನೋಡಲು ಹಲಸಿನ ಬೀಜದ ಚಿಕ್ಕಮ್ಮನ ಮಗಳ ಹಾಗಿತ್ತು. ಓವನ್ ಬಿಸಿ ಮಾಡಿ ಅದರೊಳಗೆ ಸುರಿದೆ. ಸ್ವಲ್ಪ ಹೊತ್ತಿಗೆ ಢಮಾರ್ ಎಂದಿತು. ಆಮೇಲೆ ಒಂದರ ಹಿಂದೊಂದು. ಮಗು ಚೀರಿತು, ನಂದಿನಿ ಎದ್ದು ಬಂದಳು, ಪಕ್ಕದ ಮನೆಯವನು ಬಾಗಿಲು ಬಡಿದ.

"ಅಮ್ಮ! ವಾಟ್ ಆರ್ ಯು ಡೂಯಿಂಗ್? ಸ್ಮೋಕ್ ಅಲಾರಂ ಹೊಡೆದ್ರೆ ಫೈರ್ ಇಂಜಿನ್ನೇ ಬಂದ್ಬಿಡುತ್ತೆ!"

ಹಲಸಿನ ಬೀಜ ಸುಡುವ ಮೊದಲು ಜಜ್ಜಬೇಕೆಂದು ಊರಿಗೆಲ್ಲ ಹೇಳಿಕೊಡುವ ನಾನೇ ಇದಕ್ಕೆ ಚಾಕುವಿನಿಂದ ಒಂದು ಗೀರು ಹಾಕಿರಲಿಲ್ಲ. ಓವನ್ನಿನ ಗೋಡೆಯಿಂದ ಕೆರೆದು ತಿಂದದ್ದು ಮಾತ್ರ ಸಿಹಿ, ಹಿಟ್ಟುಹಿಟ್ಟು, ಬೆಚ್ಚಗೆ. ರೋಸಮ್ಮ ಈ ರುಚಿಗಾಗಿ ಎಷ್ಟು ವರ್ಷದಿಂದ ಬೇಲಿಯಾಚೆ ನಿಂತು ಕಾದಿದ್ದಾರೆ ಎಂದು ಅನಿಸಿ ಎರಡನೆಯದನ್ನು ಬಾಯಿಗಿಡದೆ ತಟ್ಟೆಗೆ ಹಾಕಿದೆ.

ಮತ್ತೆ ಅಡಿಲೇಡ್

ಏಪ್ರಿಲ್‌ನಲ್ಲಿ ಊರಿಗೆ ಮರಳುವ ದಾರಿಯಲ್ಲಿ ಮತ್ತೆ ಗುಡ್ಡ ಹತ್ತಿದೆ. ಮೋಹನ್ ಬಾಗಿಲಲ್ಲೇ ಒಂದು ಬಕೆಟ್ ಹಿಡಿದು ನಿಂತಿದ್ದರು. ಅದರ ತುಂಬ ಒಡೆದ ಮುಳ್ಳುಕಾಯಿಗಳು, ಎಲ್ಲವೂ ಜೊಳ್ಳು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ಸಾರಿ ಅಕ್ಕ. ನಾನೂ ದಿನಾ ಒಡೆದು ನೋಡ್ದೆ. ಮರ ಕಡಿಯೋನು ಗುರುವಾರ ಬರ್ತಾನೆ."

ವಸುಧಾ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. "ಎಲ್ಲಿ ಆರಿಸಿದ್ರಿ?" ಎಂದು ಕೇಳಿದೆ. ದೋಣಿ ತರಲು ದಾರಿ ಮಾಡುತ್ತಾ, ಗ್ಯಾರೇಜಿನ ಪಕ್ಕ ಬಿದ್ದವನ್ನು ಆರಿಸಿದ್ದರಂತೆ. ನಾವು ಬಕೆಟ್ ತೂಗುಹಾಕಿದ್ದು ಆ ಕಡೆಯಲ್ಲ! ಬೇಲಿಯ ಕಡೆ! ಆ ಪಕ್ಕದ ಕೊಂಬೆಗಳು ರೋಸಮ್ಮನ ಅಂಗಳದ ಮೇಲೆ ಬಾಗಿದ್ದವು. ನಾನು ಓಡಿದೆ.

ಬೇಲಿಯ ಬುಡದಲ್ಲಿ ಕಾಯಿಗಳು ಆಗತಾನೇ ಉದುರಲು ಶುರುವಾಗಿದ್ದವು. ರೋಸಮ್ಮ ಬೂಟು ತೊಟ್ಟು ಬಂದು, ಎರಡು ಪಾದದ ನಡುವೆ ಒಂದು ಕಾಯಿ ಇಟ್ಟು, ಕೈ ತಾಗಿಸದೆ ಒತ್ತಿ ಹೊರಳಿಸಿದರು. ಮುಳ್ಳು ಬಿರಿಯಿತು. ಒಳಗೆ ಮೂರು ಬೀಜ. ಎರಡು ಚಪ್ಪಟೆ. ನಡುವಿನದು ದುಂಡಗೆ, ಎಣ್ಣೆ ಹಚ್ಚಿದ ಹಾಗೆ ಮಿರಮಿರ ಹೊಳೆಯುತ್ತಿತ್ತು. ನಾನು ಕೂಗಿದ ಕೂಗಿಗೆ ವಸುಧಾ ಸೌಟು ಹಿಡಿದೇ ಓಡಿಬಂದಳು. ಮೋಹನ್ ಅದನ್ನು ಹಲ್ಲಲ್ಲಿ ಕಚ್ಚಿ ನೋಡಿದರು, ಇನ್ನೊಂದು ಕಾಯಿ ತಾವೇ ತುಳಿದು ಒಡೆದರು, ಮತ್ತೊಂದು. ಆಮೇಲೆ ಜೇಬಿನಿಂದ ಫೋನ್ ತೆಗೆದು ಗುರುವಾರ ಬರುವುದು ಬೇಡವೆಂದು ಹೇಳಿಬಿಟ್ಟರು. ವಸುಧಾ ನನ್ನನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಒಲೆಯ ಮೇಲಿನ ಹುಳಿ ಸೀಯಿಸಿದಳು.

ಸಂಜೆ ರೋಸಮ್ಮ ತೂತಿನ ಬಾಣಲೆಯಲ್ಲಿ ಒಂದೊಂದಕ್ಕೂ ಗೀರು ಹಾಕಿ ಹುರಿದರು. ಸಿಪ್ಪೆ ಸುಲಿದು ಮೊದಲನೆಯದನ್ನು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದರು.

"ವರ್ಷಾವರ್ಷ ಆ ವಾಸನೆ ಕಾರಲ್ಲಿ ಹೊತ್ಕೊಂಡು ಬರೋಕಾಗಲ್ಲ ಅಕ್ಕ. ಬೇರೆ ಗೋತ್ರದ್ದೇ ಒಂದು ಗಿಡ ನೆಟ್ಟುಬಿಡೋಣ" ಅಂದರು ಮೋಹನ್. ದೋಣಿ ಬ್ಲೇರ್ ಅಥಾಲ್‌ನ ಸ್ನೇಹಿತರ ಅಂಗಳಕ್ಕೆ ಹೋಗುವುದೆಂದಾಯಿತು. ಗಿಡ ಎಲ್ಲಿ ನೆಡುವುದೆಂಬ ಮಾತು ಬಂದಾಗ ರೋಸಮ್ಮ ಎದ್ದು ತಮ್ಮ ಅಂಗಳದ ಎತ್ತರದ ಮೂಲೆ ತೋರಿಸಿದರು. ಹೆಣ್ಣಿನ ಕಡೆಯವರು ನಾವು, ಗಂಡಿನ ಕಡೆಯವರು ಅವರು. ಬೀಗಿತ್ತಿ ಅಂದರೇನೆಂದು ವಸುಧಾ ವಿವರಿಸಿದಾಗ ಅವರು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು.

ಮಾರನೇ ದಿನ ಕುಂಡದ ಸಸಿಯೊಂದನ್ನು ತಳಿಯ ಹೆಸರು ಮೂರು ಸಲ ಓದಿಸಿಕೊಂಡು ತಂದೆವು. ಮೋಹನ್ ಗುಂಡಿ ತೋಡಿದರು. ನಾನು ಪಾತಿ ಕಟ್ಟಗೊಡದೆ, ನೀರು ಜಾರಿ ಹೋಗುವಂತೆ ಮಣ್ಣು ದಿಬ್ಬ ಮಾಡಿಸಿದೆ. ಸಸಿ ನನ್ನ ಮೊಳಕಾಲೆತ್ತರವಿತ್ತು. ಎಷ್ಟು ವರ್ಷಕ್ಕೆ ಹೂವು ಎಂದು ರೋಸಮ್ಮ ಕಣ್ಣಲ್ಲೇ ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಐದು ಬೆರಳು ಬಿಚ್ಚಿ ತೋರಿಸಿದೆ.

ಅವರು ಸಸಿಯನ್ನು ನೋಡಿದರು. ನನ್ನ ಕೈಯನ್ನು ನೋಡಿದರು. ಸಂತೆಯಲ್ಲಿ ಚೌಕಾಸಿ ಮಾಡುವವರ ಹಾಗೆ ನನ್ನ ಹೆಬ್ಬೆರಳು ಹಿಡಿದು ಒಳಗೆ ಮಡಚಿ, "ಫೋರ್" ಅಂದರು. ನಾನು ಒಪ್ಪಿ ತಲೆಯಾಡಿಸಿದೆ.